ಆಗಲೇ ಒಳಗಿದ್ದ ಹುಡುಗಿ

ಧಾರವಾಡ ಬಿಟ್ಟದ್ದು

ಹೈದರಾಬಾದಿಗೆ ಹೊರಟೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ಅದನ್ನು ಪ್ರವಾಸ ಎಂದು ಒಪ್ಪಲಿಲ್ಲ. "ಅದೇನ್ ಪರದೇಶ ಏನ್ರಿ ಅಕ್ಕಾರ? ಬಸ್ಸಿನಾಗ ಮಲಗಿದ್ರ, ಎದ್ದಾಗ ಹೈದ್ರಾಬಾದ" ಎಂದು ಹಾಲು ಹಾಕುವ ಬಸಪ್ಪ ನಕ್ಕುಬಿಟ್ಟ. ನಾನೂ ನಕ್ಕೆ. ಪಾಸ್‌ಪೋರ್ಟ್ ಕೇಳುವ ಊರಲ್ಲ, ಬೀದಿಯಲ್ಲಿ ಎಡವಿ ಬಿದ್ದರೆ ಕನ್ನಡದಲ್ಲಿ ಬೈಯುವವರು ಒಬ್ಬರಾದರೂ ಸಿಗುತ್ತಾರೆ. ಆದರೆ ನಾಲ್ಕು ದಿನ ಇದ್ದು ಬಂದ ಮೇಲೆ ಹೇಳುತ್ತೇನೆ, ಅಷ್ಟು ಪರಕೀಯವಾದ ಜಾಗಕ್ಕೆ ನಾನು ಈವರೆಗೆ ಕಾಲಿಟ್ಟಿಲ್ಲ. ಅದರಲ್ಲಿ ಆ ಊರಿನ ತಪ್ಪು ಕಡಿಮೆ, ನನ್ನದೇ ಹೆಚ್ಚು. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ.

ನಾನು ಇಪ್ಪತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು. ಆಮೇಲೆ ಹುಬ್ಬಳ್ಳಿಯ ಒಂದು ದತ್ತಿ ಸಂಸ್ಥೆಗೆ ಸೇರಿದೆ. ಶಾಲೆಗಳಿಗಾಗಿ ಕೆಲಸ ಮಾಡುವವರಿಗೆ ಹಣ ಕೊಡುವುದು ಸಂಸ್ಥೆಯ ಕೆಲಸ. ಕೊಟ್ಟದ್ದು ಮಕ್ಕಳನ್ನು ಮುಟ್ಟಿತೋ ಇಲ್ಲವೋ ಎಂದು ನೋಡಿ ಬರುವುದು ನನ್ನದು. ಈ ಕೆಲಸದಲ್ಲಿ ನನ್ನ ಪಿತ್ತ ಕೆರಳಿಸುವುದು ಒಂದೇ ಸಂಗತಿ: ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ. ಒಂದೂರಲ್ಲಿ ಶಾಲೆಯ ಒಂದೇ ಗೋಡೆಗೆ ಮೂರು ಸಂಸ್ಥೆಗಳು ಒಂದರ ಮೇಲೊಂದು ಅ ಆ ಇ ಈ ಬರೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಇರಲಿಲ್ಲ.

ಹಾಗಾಗಿ ಹೈದರಾಬಾದಿನ ಕೆಲಸ ಬಂದಾಗ ಈ ಸಲ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕೆಂದು ಹಟ ಹಿಡಿದೆ. ಜೀಡಿಮೆಟ್ಲಾದ ಕಾರ್ಖಾನೆಗಳ ನಡುವೆ ಒಂದು ಸರಕಾರಿ ಶಾಲೆ. ಯಾದಗಿರಿ, ಕಲಬುರಗಿ ಕಡೆಯಿಂದ ದುಡಿಯಲು ಹೋದವರ ಮಕ್ಕಳೇ ಅಲ್ಲಿ ಅರ್ಧಕ್ಕರ್ಧ. ಪಾಠ ಶಾಲೆಯದು. ವ್ಯಾನು, ಬೆಳಗಿನ ನಾಷ್ಟಾ, ಗೇಟಿನ ಕಾವಲು ಹತ್ತಿರದ ಒಂದು ಔಷಧ ಕಾರ್ಖಾನೆಯವು. ಕಣ್ಣು, ರಕ್ತ ಪರೀಕ್ಷೆ ಒಂದು ಆರೋಗ್ಯ ಸಂಸ್ಥೆಯದು. ಕಾರ್ಡು ತೋರಿಸಿದರೆ ಹಾಜರಿ ಹಿಡಿಯುವ ಯಂತ್ರ ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯದು. ಕರಾರಿನಲ್ಲಿ ಏಳನೆಯ ಕಲಂ ನಾನೇ ಬರೆದೆ: ಒಂದೇ ಒಂದು ಮಗು ಶಾಲೆ ಬಿಟ್ಟರೂ ನಾಲ್ವರೂ ಹೊಣೆ, ನಾಲ್ವರಿಗೂ ಮುಂದಿನ ಕಂತು ಇಲ್ಲ. ಹೊಣೆ ಒಂದಾದರೆ ಮನಸ್ಸೂ ಒಂದಾಗುತ್ತದೆ ಎಂದು ನಂಬಿದ್ದೆ. ನಮ್ಮ ದೊಡ್ಡ ಸಾಹೇಬರು ಓದಿ "ಭೇಷ್ ಅಕ್ಕಾರ" ಎಂದರು. ನಾನು ಒಂದು ವಾರ ಆ ಭೇಷ್ ಮೇಲೆಯೇ ಓಡಾಡಿದೆ.

ವರ್ಷ ಕಳೆಯಿತು. ಒಂದು ಮಗುವೂ ಬಿಟ್ಟಿಲ್ಲ ಎಂದು ವರದಿ ಬಂತು. ನಾನು ಹೋಗಿ, ನೋಡಿ, ಹೂಂ ಎಂದರೆ ವ್ಯಾನು, ನಾಷ್ಟಾ, ಔಷಧ ಎಲ್ಲ ಮುಂದುವರಿಯುವುದಿತ್ತು.

ಹಿಮಾಯತ್‌ನಗರ

ಉಳಿದುಕೊಂಡದ್ದು ಹಿಮಾಯತ್‌ನಗರದಲ್ಲಿ, ಸುಧಾ ವೈನಿಯ ಮನೆಯಲ್ಲಿ. ನನ್ನ ದೊಡ್ಡಪ್ಪನ ಮಗ ಗುರಣ್ಣನ ಹೆಂಡತಿ. ದೊಡ್ಡಪ್ಪ ಸರಕಾರಿ ನೌಕರಿಗೆಂದು ಗದಗ ಬಿಟ್ಟು ಬಂದವರು ಇಲ್ಲೇ ಬೇರು ಬಿಟ್ಟರು. ಗುರಣ್ಣ ಮಗಳ ಮನೆಗೆ ಹೋಗಿದ್ದ, ವೈನಿ ಒಬ್ಬಳೇ ಇದ್ದಳು. ಕೆಲಸದವಳ ಕೂಡ ತೆಲುಗು, ಆಟೋದವನ ಕೂಡ ಹಿಂದಿ, ಕನ್ನಡ ಏನಿದ್ದರೂ ದೇವರ ಕೂಡ ಮತ್ತು ನನ್ನಂಥ ಅತಿಥಿಗಳ ಕೂಡ. ಆ ಕನ್ನಡದಲ್ಲೂ ಪರೇಶಾನು, ಬಂದೋಬಸ್ತು ಎಲ್ಲ ಹರಿದಾಡುತ್ತವೆ.

ರೊಟ್ಟಿಯ ಪಕ್ಕಕ್ಕೆ ಪುಂಡಿಪಲ್ಯ ಹಾಕಿ, "ಇದನ್ನ ಇಲ್ಲಿ ಗೋಂಗೂರ ಅಂತಾರ. ಹೆಸರು ಬ್ಯಾರೆ, ಹುಳಿ ಒಂದ" ಎಂದಳು. ನಾನು ನನ್ನ ಯೋಜನೆಯ ಪುರಾಣ ಬಿಚ್ಚಿದೆ. ಏಳನೆಯ ಕಲಂ ಬಗ್ಗೆ ಹೇಳುವಾಗ ಸ್ವಲ್ಪ ದನಿ ಏರಿಸಿದೆ ಅಂತ ಕಾಣುತ್ತದೆ. ವೈನಿ ಕೇಳಿಸಿಕೊಂಡು, "ಒಬ್ಬ ತಪ್ಪು ಮಾಡಿದ್ರ ನಾಲ್ಕೂ ಮಂದಿಗೆ ಏಟು ಅಂದಂಗಾತು. ನಮ್ಮ ಶಾಲಿಯಾಗ ಮಾಸ್ತರು ಹಿಂಗ ಮಾಡ್ತಿದ್ರು. ಆವಾಗ ನಾವು ಯಾರು ಏನ್ ಮಾಡಿದ್ರೂ ಬಾಯಿ ಬಿಡ್ತಿದ್ದಿಲ್ಲ" ಎಂದಳು. ಅಡುಗೆಮನೆಯವರಿಗೆ ಆಡಳಿತ ಏನು ತಿಳಿಯುತ್ತದೆ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಗಚ್ಚಿಬೌಲಿ

ಮರುದಿನ ಗಚ್ಚಿಬೌಲಿಯಲ್ಲಿ ನಾಲ್ವರ ಸಭೆ. ಗಾಜಿನ ಗೋಪುರದ ಕೆಳಗೆ ಕ್ಯಾಬ್ ಇಳಿದು, ಕಾವಲಿನವನಿಗೆ ಸುಮಂಗಲಾ ಎಂದು ಹೆಸರು ಹೇಳಿದೆ. ಅವನು ಪರದೆ ನೋಡಿದ. ನನ್ನ ಮುಖ ನೋಡಿದ. ಮತ್ತೆ ಪರದೆ ನೋಡಿದ.

"ಆಪ್ ತೋ ಅಂದರೀಚ್ ಹೈ, ಮೇಡಂ" ಎಂದ.

ನಾನು ಒಳಗೇ ಇದ್ದೇನಂತೆ. ಬಿಸಿಲಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿರುವವಳು ನಾನೇ ಎಂದು ಅವನಿಗೆ ಒಪ್ಪಿಸಲು ಅರ್ಧ ತಾಸು ಹಿಡಿಯಿತು. ಆಮೇಲೆ ತಿಳಿಯಿತು, ನನಗೆ ತೊಂದರೆಯಾಗದಿರಲಿ ಎಂದು ಕಂಪನಿಯ ಯಾರೋ ಮುಂಜಾನೆಯೇ ನನ್ನ ಹೆಸರಿನ ಮುಂದೆ ಬಂದಾಯಿತೆಂಬ ಗುರುತು ಹಾಕಿಬಿಟ್ಟಿದ್ದರು. ಕಾವಲಿನವನು ಒಳ್ಳೆಯವನು, ಕುರ್ಚಿ ಕೊಟ್ಟ, ನೀರು ಕೊಟ್ಟ. ಆದರೆ ಆ ಅರ್ಧ ತಾಸು ಒಳಗೆ ಮಾತ್ರ ಬಿಡಲಿಲ್ಲ. ಕೂತಲ್ಲೇ ಗಾಜಿನ ಆಚೆ ನೋಡುತ್ತ, ಒಳಗೆ ಹೋದ ಆ ಸುಮಂಗಲಾ ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸಿ ನಗು ಬಂತು. ಆಮೇಲೆ ಆ ನಗು ನನಗೇ ಹಿಡಿಸಲಿಲ್ಲ.

ಲಿಫ್ಟಿನ ಒಳಗೆ ಗುಂಡಿಗಳೇ ಇರಲಿಲ್ಲ. ಹೊರಗೇ ಮಹಡಿ ಹೇಳಿ ಹತ್ತಬೇಕಂತೆ. ನಾನು ಹೇಳದೆ ಹತ್ತಿದ್ದರಿಂದ ಅದು ನನ್ನನ್ನು ಖಾಲಿ ಮಹಡಿಯೊಂದರಲ್ಲಿ ಇಳಿಸಿ ಹೋಯಿತು. ಸಾಲು ಸಾಲು ಮೇಜು, ಒಂದು ನರಪಿಳ್ಳೆ ಇಲ್ಲ, ದೀಪಗಳೂ ಆರಿದ್ದವು. ನಾನು ನಡೆದಂತೆ ಮುಂದಿನ ದೀಪಗಳು ತಾವಾಗಿ ಹೊತ್ತಿಕೊಂಡವು. ಹೆದರಿ ಮೆಟ್ಟಿಲು ಹುಡುಕಿ ಹತ್ತಿದೆ.

ಸಭೆಯ ಕೋಣೆಯ ಗೋಡೆ ಪೂರ್ತಿ ಒಂದು ಪರದೆ. ಅದರ ಮೇಲೆ ಮಗುವಿಗೊಂದು ಚುಕ್ಕೆ. ಎಲ್ಲ ಹಸಿರು. ಕಂಪನಿಯ ತರುಣ, "ಒಂದೂ ಕೆಂಪಿಲ್ಲ ಮೇಡಂ, ಕರಾರಿನ ಏಳನೆಯ ಕಲಂ ಕೆಲಸ ಮಾಡಿದೆ" ಎಂದ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮೊದಲು ಆರೋಗ್ಯ ಸಂಸ್ಥೆಯ ಡಾಕ್ಟರಮ್ಮ ಒಂದು ಹುಡುಗಿಯ ಚಿತ್ರ ತೋರಿಸಿದರು. ದಪ್ಪ ಕನ್ನಡಕ, ಎರಡು ಜಡೆ, ಹೆಸರು ಶರಣಮ್ಮ, ಆರನೆಯ ತರಗತಿ. ರಕ್ತ ಕಡಿಮೆ ಇತ್ತು, ದಿನಾ ಒಂದು ಮೊಟ್ಟೆ, ಒಂದು ಲೋಟ ಹಾಲು ಕೊಡಿಸಿದೆವು ಎಂದರು. ಆಮೇಲೆ ಕಾರ್ಖಾನೆಯ ಮ್ಯಾನೇಜರ್ ಚಿತ್ರ ತೋರಿಸಿದರು. ವ್ಯಾನಿನ ಮೆಟ್ಟಿಲ ಮೇಲೆ ಅದೇ ಶರಣಮ್ಮ. ಕಂಪನಿಯ ತರುಣನ ಚಿತ್ರದಲ್ಲಿ ಕಾರ್ಡು ಹಿಡಿದುಕೊಂಡು ಅದೇ ಶರಣಮ್ಮ. ಶಾಲೆಯ ಹೆಡ್‌ಮಿಸ್ಟ್ರೆಸ್ ವಿಜಯಲಕ್ಷ್ಮಿ ಟೀಚರ್ ತೋರಿಸಿದ್ದೂ ಅವಳನ್ನೇ. ನಾಲ್ಕು ಚಿತ್ರಗಳ ಕೆಳಗೂ ಅದೇ ಮಾತು: ನನ್ನ ತಾಯಿ ಔಷಧದ ಪುಡಿ ಕಂಪನಿಯಲ್ಲಿ ದುಡಿಯುತ್ತಾಳೆ, ನನಗೆ ಗಣಿತ ಇಷ್ಟ, ದೊಡ್ಡವಳಾಗಿ ನರ್ಸ್ ಆಗುತ್ತೇನೆ. ಹುಡುಗಿ ನಾಲ್ಕೂ ಕಡೆಯಿಂದ ನನ್ನನ್ನೇ ನೋಡುತ್ತಿದ್ದಳು.

"ಈಕೆಯನ್ನು ಕಡೆಗೆ ಯಾವಾಗ ನೋಡಿದಿರಿ?" ಎಂದು ಕೇಳಿದೆ. ಬೇರೇನೂ ಉದ್ದೇಶವಿರಲಿಲ್ಲ. ಮೇಷ್ಟ್ರಾದವರಿಗೆ ಮಕ್ಕಳ ಬಗ್ಗೆ ಕೇಳುವ ಚಟ.

ಡಾಕ್ಟರಮ್ಮ ಮ್ಯಾನೇಜರರನ್ನು ನೋಡಿದರು. ಮ್ಯಾನೇಜರ್ ತರುಣನನ್ನು ನೋಡಿದರು. ತರುಣ ಪರದೆ ನೋಡಿ, "ಚುಕ್ಕೆ ಹಸಿರಿದೆಯಲ್ಲ ಮೇಡಂ" ಎಂದ. ಟೀಚರ್ ಮಾತ್ರ ಯಾರನ್ನೂ ನೋಡಲಿಲ್ಲ, ತಲೆ ತಗ್ಗಿಸಿ ನೀರು ಕುಡಿದರು.

ಜೀಡಿಮೆಟ್ಲಾ, ಮುಂಜಾನೆ

ಮೂರನೆಯ ದಿನ ಜೀಡಿಮೆಟ್ಲಾಕ್ಕೆ ವೈನಿಯೂ ಬೆನ್ನು ಹತ್ತಿದಳು. "ನಿನಗ ತೆಲುಗು ಬರಂಗಿಲ್ಲ, ಹಿಂದಿ ಬರತೈತಿ ಅಂತ ನೀ ತಿಳಕೊಂಡೀ" ಎಂದಳು. ಕಾರ್ಖಾನೆಗಳ ಬೀದಿ ಹೊಕ್ಕ ಕೂಡಲೇ ಮೂಗಿಗೆ ಸೆರಗು ಒತ್ತಿಕೊಂಡೆವು. ವಾಸನೆ ಒಂದೇ ಥರದ್ದಲ್ಲ. ಒಂದು ತಿರುವಿನಲ್ಲಿ ಕೊಳೆತ ಹಣ್ಣು, ಇನ್ನೊಂದರಲ್ಲಿ ಆಸ್ಪತ್ರೆ. ಆಕಾಶ ನೀಲಿಯಾಗಿರಲಿಲ್ಲ, ಮೋಡವೂ ಇರಲಿಲ್ಲ.

ಶಾಲೆ ಚೊಕ್ಕವಾಗಿತ್ತು. ಎತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು, ಗೇಟಿನಲ್ಲಿ ಕಾವಲು. ತರಗತಿಯ ಬಾಗಿಲಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕಾರ್ಡು ತೋರಿಸುತ್ತಿದ್ದರು, ಯಂತ್ರ ಕೀಂ ಕೀಂ ಎನ್ನುತ್ತಿತ್ತು. ನಮ್ಮ ಶಾಲೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಗದ್ದಲ ಮುಗಿಲು ಮುಟ್ಟುತ್ತಿತ್ತು. ಇಲ್ಲಿ ಕೀಂ ಬಿಟ್ಟರೆ ಬೇರೆ ಸದ್ದಿಲ್ಲ.

ನಾಷ್ಟಾದ ಹೊತ್ತಿಗೆ ಒಂದು ಬೇರೆ ತಟ್ಟೆ ಬಂತು. ಒಂದು ಬೇಯಿಸಿದ ತತ್ತಿ. ಕನ್ನಡಕದ ಹುಡುಗಿಯೊಬ್ಬಳು ಎದ್ದು ತೆಗೆದುಕೊಂಡಳು. ಕನ್ನಡಕ ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು. ನಾನು ಹತ್ತಿರ ಹೋಗಿ ಹೆಸರು ಕೇಳಿದೆ.

"ನಾ ಶರಣಮ್ಮ ರಿ. ನಮ್ಮವ್ವ ಪುಡಿ ಕಂಪನಿದಾಗ ದುಡೀತಾಳ್ರಿ. ನಂಗ ಗಣಿತ ಭಾಳ ಸೇರ್ತದ್ರಿ. ದೊಡ್ಡಾಕಿ ಆಗಿ ನರ್ಸ್ ಆಗ್ತೀನ್ರಿ" ಎಂದಳು, ಒಂದೇ ಉಸಿರಿಗೆ.

ಕನ್ನಡಕ, ಎರಡು ಜಡೆ, ಮಾತು ಎಲ್ಲ ಚಿತ್ರದಲ್ಲಿದ್ದದ್ದೇ, ಮುಖ ಹೋಲಿಸಿ ನೋಡಲು ಹೋಗಲಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸುಮ್ಮನೆ ಸಂಶಯಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ನನ್ನ ಚೀಲದಲ್ಲಿದ್ದ ಧಾರವಾಡ ಪೇಢೆ ಅವಳ ಕೈಗಿಟ್ಟೆ.

ಜೀಡಿಮೆಟ್ಲಾ, ಮಧ್ಯಾಹ್ನ

ಊಟದ ನಂತರ ಒಂದು ಲೋಟ ಹಾಲು ಬಂತು. ಕನ್ನಡಕದ ಹುಡುಗಿ ಎದ್ದು ಬಂದು ಕುಡಿದಳು. ಈಗ ಕನ್ನಡಕ ಬಿಗಿಯಾಗಿ, ಕಿವಿಯ ಹತ್ತಿರ ಕೆಂಪು ಗೆರೆ ಮೂಡಿಸಿತ್ತು. ನಾನು ಅವಳ ಕೈ ನೋಡಿದೆ. ಮುಂಜಾನೆ ಹಸಿರು ಬಳೆ ಇದ್ದವು, ಈಗ ಬರಿಗೈ. ಎತ್ತರವೂ ಒಂದು ಗೇಣು ಹೆಚ್ಚು.

"ನಿನ್ನ ಹೆಸರೇನವಾ?"

"ನಾ ಶರಣಮ್ಮ ರಿ. ನಮ್ಮವ್ವ ಪುಡಿ ಕಂಪನಿದಾಗ ದುಡೀತಾಳ್ರಿ. ನಂಗ ಗಣಿತ ಭಾಳ ಸೇರ್ತದ್ರಿ."

ಉಳಿದದ್ದನ್ನು ನಾನೇ ಮನಸ್ಸಿನಲ್ಲಿ ಹೇಳಿಕೊಂಡೆ. ಇಪ್ಪತ್ತೆರಡು ವರ್ಷ ಮಕ್ಕಳ ಮುಖ ನೋಡಿದವಳು ನಾನು, ಅವಳಿಜವಳಿಗಳನ್ನೂ ಅದಲುಬದಲು ಮಾಡಿದವಳಲ್ಲ. ತರಗತಿಯ ಕಡೆ ತಿರುಗಿ, "ಶರಣಮ್ಮ ಅಂದ್ರ ಯಾರು ನಿಮ್ಮೊಳಗ?" ಎಂದು ಕೇಳಿದೆ. ಎಲ್ಲರ ಬೆರಳೂ ಒಟ್ಟಿಗೇ ಎದ್ದು ಕನ್ನಡಕದ ಕಡೆ ತೋರಿಸಿದವು. ಹಸಿರು ಬಳೆಯ ಹುಡುಗಿಯ ಬೆರಳೂ ಅದರಲ್ಲಿತ್ತು.

ವೈನಿ ನನ್ನ ರಟ್ಟೆ ಹಿಡಿದಳು. "ಸುಮಾ, ಮನಿಗೆ ನಡಿ. ನನಗ್ಯಾಕೋ ಇಲ್ಲಿ ಬರೋಬರಿ ಕಾಣವಲ್ದು."

ಅಷ್ಟರಲ್ಲಿ ವಿಜಯಲಕ್ಷ್ಮಿ ಟೀಚರ್ ಮಧ್ಯಾಹ್ನದ ಹಾಜರಿಗೆ ಬಂದರು. ನಾನು ಹಿಂದಿನ ಕಿಟಕಿಯ ಹತ್ತಿರ ನಿಂತೆ. ಕಿಟಕಿಯ ಆಚೆ ಒಂದು ಮಾರು ಜಾಗ, ಆಮೇಲೆ ಕಾಂಪೌಂಡು ಗೋಡೆ. ಹೆಸರುಗಳು ಒಂದೊಂದಾಗಿ ಬಂದವು. ಶರಣಮ್ಮ ಎಂದರು ಟೀಚರ್. "ಹಾಜರ್ ಟೀಚರ್" ಎಂದಳು ಕನ್ನಡಕದ ಹುಡುಗಿ.

ಗೋಡೆಯ ಆಚೆಯಿಂದ ಇನ್ನೊಂದು ದನಿ, ಮೆಲ್ಲಗೆ, "ಹಾಜರ್ ಟೀಚರ್" ಎಂದಿತು.

ನಾನು ತಿರುಗಿ ನೋಡಿದೆ. ಗೋಡೆ, ಗಾಜಿನ ಚೂರು, ಬಿಸಿಲು. ಮಕ್ಕಳಲ್ಲಿ ಯಾರೂ ಆ ಕಡೆ ತಲೆ ಎತ್ತಲಿಲ್ಲ. ದಿನಾ ಕೇಳಿ ರೂಢಿಯಾದವರು ಹಾಗೇ ಇರುತ್ತಾರೆ.

ಗೋಡೆಯ ಹಿಂದೆ

ಪಾಠದ ಕೊನೆಕೊನೆಗೆ ಮೆಲ್ಲನೆ ಹೊರಬಿದ್ದು, ಗೇಟು ದಾಟಿ ಗೋಡೆಗುಂಟ ಸುತ್ತಿ ಹೋದೆ, ಹಿಂದೆ ವೈನಿ ಗೊಣಗುತ್ತ ಬಂದಳು. ಹಿಂಬದಿಯಲ್ಲಿ ಒಂದು ನಾಲೆ, ಅದರ ನೀರು ಒಂಥರಾ ಹಳದಿ. ನಾಲೆಗೂ ಗೋಡೆಗೂ ನಡುವೆ ಕಾಲು ಇಡುವಷ್ಟು ಜಾಗ. ಅಲ್ಲಿ ಸಮವಸ್ತ್ರ ಹಾಕಿಕೊಂಡು, ಬೆನ್ನಿಗೆ ಚೀಲ ಹಾಕಿಕೊಂಡು, ಗೋಡೆಗೆ ಕಿವಿಯಿಟ್ಟು ಒಬ್ಬ ಹುಡುಗಿ ನಿಂತಿದ್ದಳು. ಗೋಡೆಯ ಮೇಲೇ ನೋಟ್‌ಬುಕ್ ಇಟ್ಟು ಏನೋ ಬರೆಯುತ್ತಿದ್ದಳು.

ಹೆಸರು ಕೇಳಲು ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೇಳಿದೆ.

"ಶರಣಮ್ಮ ರಿ."

"ನಿಂಗೂ ಗಣಿತ ಸೇರತೈತೇನು?"

ಹುಡುಗಿ ಕಣ್ಣು ಕಿರಿದು ಮಾಡಿ ನನ್ನ ಮುಖವನ್ನು ಹುಡುಕಿದಳು. "ಇಲ್ರಿ. ಗಣಿತ ನಂಗ ಬರಂಗೇ ಇಲ್ರಿ" ಎಂದಳು.

ಆಗ ನನಗೆ ನಂಬಿಕೆ ಬಂತು. ಕೂತುಕೊಳ್ಳಲು ಜಾಗವಿಲ್ಲದ್ದಕ್ಕೆ ಗೋಡೆಗೆ ಒರಗಿದೆ.

ಅವಳು ಹೇಳಿದ್ದನ್ನು ಜೋಡಿಸಿಕೊಂಡದ್ದು ಹೀಗೆ. ಅಜ್ಜಿಗೆ ಜಡ್ಡಾಗಿ ತಾಯಿ ಮಗಳು ಊರಿಗೆ ಹೋಗಿದ್ದರು. ಕಳೆಯಬಾರದೆಂದು ಕನ್ನಡಕವನ್ನೂ ಕಾರ್ಡನ್ನೂ ಗೆಳತಿಯ ಕೈಗೆ ಕೊಟ್ಟಿದ್ದಳು. ಹೋದದ್ದು ವಾರಕ್ಕೆಂದು, ಬಂದದ್ದು ಎಷ್ಟೋ ವಾರದ ಮೇಲೆ. ಹಳೆ ಖೋಲಿ ಬೇರೆಯವರಿಗೆ ಹೋಗಿತ್ತು. ನಾಲೆಯ ಆಚೆ ಖೋಲಿ ಸಿಕ್ಕಿತು, ಅಲ್ಲಿಗೆ ವ್ಯಾನು ಬರುವುದಿಲ್ಲ. ನಡೆದು ಬರುವಷ್ಟರಲ್ಲಿ ಗೇಟು ಹಾಕಿರುತ್ತದೆ. ಕಾರ್ಡಿಲ್ಲ ಎಂದರೆ ಕಾವಲಿನವನು ಹೆಸರು ಕೇಳಿ, ಫೋನು ನೋಡುತ್ತಾನೆ.

"ಏನಂತಾನ?"

"ಶರಣಮ್ಮ ಅಂದರೀಚ್ ಹೈ, ತೂ ಕೌನ್, ನೀ ಯಾರು ಅಂತಾನ್ರಿ."

ನಿನ್ನೆ ಗಾಜಿನ ಗೋಪುರದ ಕೆಳಗೆ ನಾನು ಅದೇ ಮಾತಿಗೆ ನಕ್ಕಿದ್ದೆ.

"ನಿಮ್ಮವ್ವಗ ಹೇಳಲಿಲ್ಲೇನು?" ಎಂದಳು ವೈನಿ.

"ಹೇಳಿದ್ದೆ ರಿ. ಅವ್ವ ಒಂದಿನ ಕೆಲಸ ಬಿಟ್ಟು ಗೇಟಿಗೆ ಬಂದಿದ್ಲು. ಅಂವಾ ಫೋನ್ ತೋರಿಸಿದ, ಶರಣಮ್ಮ ಹಸಿರು ಅದಾಳ ಅಂತ. ಅವ್ವ ಖುಷಿ ಆಗಿ ಮನಿಗೆ ಬಂದು, ಸುಳ್ಳು ಹೇಳ್ತಿ ಅಂತ ನಂಗ ಹೊಡದ್ಲು." ಇದನ್ನೂ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. "ಮತ್ತ ದಿನಾ ಚೀಲ ಹಾಕ್ಕೊಂಡು ಇಲ್ಲಿಗೆ ಬರ್ತೀನ್ರಿ. ಒಳಗ ಹುಡುಗ್ಯಾರಿಗೆ ಗೊತ್ತದ. ಪಾಳಿ ಪ್ರಕಾರ ಶರಣಮ್ಮ ಆಗ್ತಾರ್ರಿ, ಮುಂಜಾನೆ ಪಾಳಿಯಾಕಿಗೆ ತತ್ತಿ, ಮಧ್ಯಾಹ್ನದಾಕಿಗೆ ಹಾಲು. ನಿಂದೂ ಪಾಳಿ ಬರ್ತದ, ಬಂದಾಗ ಕರೀತೀವಿ ಅಂದಾರ್ರಿ."

ಕಾರ್ಖಾನೆಯಲ್ಲಿ ಅಪ್ಪ ಅವ್ವ ಪಾಳಿಯ ಮೇಲೆ ದುಡಿಯುವುದನ್ನು ಕಂಡ ಮಕ್ಕಳು, ಒಂದು ಹುಡುಗಿಯನ್ನೂ ಪಾಳಿ ಹಾಕಿಕೊಂಡು ನಡೆಸುತ್ತಿದ್ದರು.

ನಾನು ಅವಳ ಕೈ ಹಿಡಿದು "ನಡಿ, ಈಗಿಂದೀಗ ಒಳಗ ಹೋಗೂಣು" ಎಂದೆ. ಅಷ್ಟರಲ್ಲಿ ಶಾಲೆ ಬಿಡುವ ಗಂಟೆ ಬಾರಿಸಿತು. ಹುಡುಗಿ ಬೆಚ್ಚಿಬಿದ್ದಳು. ಗಂಟೆಯಾದ ಕೂಡಲೇ ಮನೆ ಮುಟ್ಟದಿದ್ದರೆ ಅವ್ವ ಬಡಿಯುತ್ತಾಳೆ ಎಂದು ಕೈ ಕೊಸರಿಕೊಂಡು ಓಡಿದಳು. ಗೇಟಿನಿಂದ ನೂರಾರು ಸಮವಸ್ತ್ರಗಳು ಹೊರಬಂದವು, ಅವಳು ಅವುಗಳಲ್ಲಿ ಕಲೆತುಹೋದಳು. ನನ್ನ ಕೈಯಲ್ಲಿ ಉಳಿದದ್ದು ಅವಳ ನೋಟ್‌ಬುಕ್ ಒಂದೇ.

ಟೀಚರ್ ಕೋಣೆಗೆ ಹೋಗಿ ಹೇಳಿದಾಗ ಅವರು ನಂಬಲಿಲ್ಲ. ಅವರ ತವರು ರಾಯಚೂರು ಕಡೆ, ಕನ್ನಡ ಚೆನ್ನಾಗಿ ಬರುತ್ತದೆ. "ಶರಣಮ್ಮ ಊರಿಗೆ ಹೋಗ್ಯಾಳ್ರಿ, ತಿರುಗಿ ಬಂದೇ ಇಲ್ಲ. ಗ್ವಾಡಿ ಹಿಂದ ಯಾರೂ ಇರಾಕ ಸಾಧ್ಯ ಇಲ್ಲ" ಎಂದರು. ನಾನು ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಟೀಚರ್ ಹಾಳೆ ತಿರುವಿದರು. ಕಡೆಯ ಹಾಳೆಯಲ್ಲಿ ಅವರು ಆ ಮಧ್ಯಾಹ್ನ ಹೇಳಿದ ಪಾಠವಿತ್ತು. ಅದರ ಹಿಂದೆ ನಿನ್ನೆಯದು, ಮೊನ್ನೆಯದು. ಕೇಳಿಸದ ಕಡೆ ಜಾಗ ಖಾಲಿ ಬಿಟ್ಟು ಗೆರೆ ಎಳೆದಿದ್ದಳು. ಟೀಚರ್ ಆ ಖಾಲಿ ಜಾಗಗಳ ಮೇಲೆ ಬೆರಳಾಡಿಸಿ ಅಳತೊಡಗಿದರು.

"ಹುಡುಗ್ಯಾರು ತಾವಾಗೇ ಸುರು ಮಾಡಿದ್ರು ರಿ. ಒಬ್ರು ಬಿಟ್ರ ಎಲ್ಲಾರ ವ್ಯಾನೂ ನಿಲ್ಲತೈತಿ ಅಂತ ನಾನ ಹೇಳಿದ್ದೆ ಅವಕ್ಕ. ಗೊತ್ತಾದ ಮ್ಯಾಲ ಬಿಡಸಬೇಕಿತ್ತು. ಕಾರ್ಡು, ಚಷ್ಮಾ ನನ್ನ ಡ್ರಾದಾಗ ಇಟಗೊಂಡು ನಾನ ಕೊಡಾಕತ್ತಿದೆ. ಒಂದು ಕೆಂಪು ಚುಕ್ಕಿ ಬಿದ್ರ ಉಳಿದ ಮಕ್ಕಳ ಗತಿ ಏನ್ರಿ? ಕಲಂ ಹಂಗೈತಲ್ರಿ."

ಕಲಂ ಬರೆದವಳು ನಾನು ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳದೆಯೇ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ಮತ್ತೆ ಹಿಮಾಯತ್‌ನಗರ

ಸಂಜೆ ವೈನಿ ಚಹಾ ಮುಂದಿಟ್ಟಳು, ನಾನು ಮುಟ್ಟಲಿಲ್ಲ. ಫೋನು ತೆಗೆದು ಉಳಿದ ಮೂವರನ್ನೂ ಕೇಳಿದೆ. ವ್ಯಾನಿನ ಡ್ರೈವರ್ ನಾಲೆಯ ಹತ್ತಿರ ಸಮವಸ್ತ್ರದ ಹುಡುಗಿ ನಿಲ್ಲುವುದನ್ನು ದಿನಾ ಕಂಡಿದ್ದನಂತೆ, ತನ್ನ ಪಟ್ಟಿಯಲ್ಲಿ ಆ ನಿಲ್ದಾಣವಿಲ್ಲ ಎಂದು ಸುಮ್ಮನಿದ್ದ. ನಾಲೆಯಾಚೆ ಆರೋಗ್ಯ ಶಿಬಿರ ಮಾಡಿದಾಗ ನರ್ಸಮ್ಮ ಕಣ್ಣು ಕಾಣದ ಒಂದು ಹುಡುಗಿಯನ್ನು ನೋಡಿದ್ದರು. ಹೆಸರು ಹುಡುಕಿದರೆ ಕನ್ನಡಕ ಕೊಟ್ಟಾಗಿದೆ ಎಂದು ಇತ್ತು, ಮುಂದಿನವರನ್ನು ಕರೆದರು. ಯಂತ್ರದ ತರುಣನಿಗೆ, ಒಂದು ಕಾರ್ಡು ದಿನಕ್ಕೊಬ್ಬರ ಕಾರ್ಡಿನ ಬೆನ್ನಿಗೇ ಕೀಂ ಎನ್ನುವುದು ಕಂಡಿತ್ತು. ಗೆಳತಿಯರಿರಬೇಕು ಎಂದುಕೊಂಡಿದ್ದ. ಎಲ್ಲರೂ ಒಂದೊಂದು ಚೂರು ನೋಡಿದ್ದರು. ಯಾರೂ ಇನ್ನೊಬ್ಬರಿಗೆ ಹೇಳಿರಲಿಲ್ಲ, ಹೇಳಿದರೆ ಎಲ್ಲರಿಗೂ ಏಟು ಎಂದು ನಾನೇ ಬರೆದುಕೊಟ್ಟಿದ್ದೆ.

"ಗಂಡ ಹೆಂಡರ ಜಗಳದಾಗ ಕೂಸು ಬಡವಾತು ಅಂತಾರ" ಎಂದಳು ವೈನಿ. "ಇಲ್ಲಿ ಜಗಳಾನೂ ಇಲ್ಲಲ್ಲವಾ. ಎಲ್ಲಾರೂ ಒಂದಾಗೇ ಕೂಸು ಬಡವಾತು."

ಸತ್ಯ ಬರೆದರೆ ನನ್ನ ಕಲಂ ಪ್ರಕಾರ ನಾಳೆಯಿಂದಲೇ ವ್ಯಾನು ನಿಲ್ಲಬೇಕು, ನಾಷ್ಟಾ ನಿಲ್ಲಬೇಕು, ನೂರಾರು ಮಕ್ಕಳು ಬೀದಿಗೆ. ಬರೆಯದಿದ್ದರೆ ಶರಣಮ್ಮ ಗೋಡೆಯ ಹಿಂದೆಯೇ. ಕಡೆಗೆ ದೊಡ್ಡ ಸಾಹೇಬರಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಕಲಂ ಬರದವರು ನೀವ. ಈಗೇನು ಮಾಡೂದು, ನೀವ ಹೇಳ್ರಿ" ಎಂದರು.

"ಏಳನೇ ಕಲಂ ಹೊಡದ ಹಾಕೂಣ್ರಿ. ಮಗು ಕಾಣಲಿಲ್ಲ ಅಂತ ಮದಲ ಹೇಳಿದವರಿಗೆ ಏನೂ ನಿಲ್ಲಬಾರದು. ತಿಂಗಳಿಗೊಮ್ಮೆ ನಾಲ್ಕೂ ಮಂದಿ ಆ ಶಾಲಿ ನೆಲದ ಮ್ಯಾಲ ಕೂಡ್ರಲಿ, ತಾವು ನೋಡಿದ ಮಕ್ಕಳ ಹೆಸರು ಬ್ಯಾಡ, ನೋಡದ ಮಕ್ಕಳ ಹೆಸರು ಹೇಳಲಿ. ಮತ್ತ ಒಬ್ಬಾಕಿ ಬೇಕ್ರಿ. ನಾಲ್ವರ ನಡುವ ಓಡ್ಯಾಡಾಕ, ನಾಲಿ ದಾಟಿ ಮನಿ ಮನಿಗೆ ಹೋಗಾಕ. ಆಕಿ ಪಗಾರ ನಾವ ಕೊಡೂಣು. ನಾಲ್ಕೂ ಮಂದಿಗೂ ಕೊಟ್ಟೀವ್ರಿ ನಾವು, ನಡುವಿನ ಜಾಗಕ್ಕ ಯಾರಿಗೂ ಕೊಟ್ಟಿಲ್ಲ."

ಸಾಹೇಬರು ಕೆಮ್ಮಿದರು. "ಬರೀರಿ. ಆದ್ರ ತಪ್ಪು ಯಾರದು ಅನ್ನೂದನ್ನ ಮದಲನೇ ಸಾಲಿನಾಗ ಬರೀರಿ."

"ನಂದ ರಿ" ಎಂದೆ.

ಕಡೆಯ ದಿನ, ಜೀಡಿಮೆಟ್ಲಾ

ಮರುದಿನ ಮುಂಜಾನೆ ನಾಲ್ವರನ್ನೂ ಶಾಲೆಗೇ ಕರೆಸಿದೆ. ಎಲ್ಲರೆದುರು ಏಳನೆಯ ಕಲಂ ನನ್ನದೆಂದೂ ಅದು ಇನ್ನಿಲ್ಲವೆಂದೂ ಹೇಳಿದೆ. ಟೀಚರ್ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ನಾನೂ ವೈನಿಯೂ ಗೋಡೆಯ ಹಿಂದೆ ಹೋಗಿ ಕಾದೆವು. ವಾಸನೆ ಆ ದಿನ ಹೆಚ್ಚಾಗಿತ್ತು. ಶಾಲೆಯ ಗಂಟೆ ಬಾರಿಸಿ ಎಷ್ಟೋ ಹೊತ್ತಾದರೂ ನಾಲೆಯ ಕಡೆಯಿಂದ ಯಾರೂ ಬರಲಿಲ್ಲ. ನೋಟ್‌ಬುಕ್ ನನ್ನ ಚೀಲದಲ್ಲಿರದಿದ್ದರೆ ನಿನ್ನೆಯ ಹುಡುಗಿ ನನ್ನ ಭ್ರಮೆ ಎಂದೇ ತಿಳಿಯುತ್ತಿದ್ದೆ.

ಬಂದಳು. ಇಬ್ಬರು ಹೆಂಗಸರು ಕಾದಿರುವುದನ್ನು ನೋಡಿ ಓಡಿಹೋಗಬೇಕೆಂದಿದ್ದಳು, ನೋಟ್‌ಬುಕ್ ತೋರಿಸಿದೆ, ನಿಂತಳು.

ಗೇಟಿನಲ್ಲಿ ಕಾವಲಿನವನು ಫೋನು ತೆಗೆದ. ಒಳಗೆ ಆ ದಿನದ ಪಾಳಿಯವಳು ರೂಢಿಯಂತೆ ತನ್ನದರ ಜೊತೆ ಶರಣಮ್ಮನ ಕಾರ್ಡನ್ನೂ ಆಗಲೇ ತೋರಿಸಿದ್ದಳು. "ಶರಣಮ್ಮ ಅಂದರೀಚ್..." ಎಂದು ಶುರು ಮಾಡಿದ. ವೈನಿ ತನ್ನ ಹಿಂದಿಯಲ್ಲಿ ಅವನಿಗೆ ಏನು ಹೇಳಿದಳೋ ನನಗೆ ಅರ್ಥವಾಗಲಿಲ್ಲ, ಗೇಟು ಮಾತ್ರ ತೆರೆಯಿತು.

ಅವಳು ತರಗತಿಯ ಹೊಸ್ತಿಲಲ್ಲಿ ನಿಂತಳು. ಆ ದಿನದ ಮುಂಜಾನೆ ಪಾಳಿಯ ಹುಡುಗಿ ಮೆಲ್ಲಗೆ ಎದ್ದು, ಕನ್ನಡಕ ತೆಗೆದು, ಲಂಗಕ್ಕೆ ಒರೆಸಿ, ಚಾಚಿದಳು. ಶರಣಮ್ಮ ಅದನ್ನು ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ಎಲ್ಲರ ಮುಖಗಳೂ ಅವಳಿಗೆ ಕಂಡವು ಎಂದು ಕಾಣುತ್ತದೆ, ಒಬ್ಬೊಬ್ಬರನ್ನೇ ನೋಡಿದಳು. ಬಾಗಿಲಲ್ಲಿ ಡಾಕ್ಟರಮ್ಮ, ಮ್ಯಾನೇಜರ್, ಕಂಪನಿಯ ತರುಣ ಒತ್ತೊತ್ತಾಗಿ ನಿಂತಿದ್ದರು.

ಟೀಚರ್ ಹಾಜರಿ ಪುಸ್ತಕ ಬಿಡಿಸಿದರು. ಯಂತ್ರದ್ದಲ್ಲ, ಹಳೆಯ ಕಾಗದದ್ದು.

"ಶರಣಮ್ಮ."

ಯಾರೂ ಓಗೊಡಲಿಲ್ಲ. ಶರಣಮ್ಮನೂ ಓಗೊಡಲಿಲ್ಲ. ಯಾರು ಹೇಳುತ್ತಾರೆ ಎಂದು ಅವಳು ಬೆಂಚುಗಳ ಕಡೆ ನೋಡಿದಳು.

ಟೀಚರ್ ಮತ್ತೊಮ್ಮೆ ಕರೆದರು.

ಆಗ ಅವಳು ಮುಂದೆ ಬಂದು, ಟೀಚರ್‌ಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳಿಸುವಂತೆ, ಮೆಲ್ಲಗೆ ಕೇಳಿದಳು:

"ಇವತ್ತ ನನ್ನ ಪಾಳಿ ಏನ್ರಿ?"